ನಿಧಾನ ಪಾಕದ ಪಾತ್ರೆ: ಸುಂಕದಕಟ್ಟೆಯ ಶೆಡ್ಡುಗಳಿಗೊಂದು ಲೆಕ್ಕಾಚಾರ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆ ಕನ್ನಡ ನಾಡಿನ ವರ್ತಕರಿಗೆ ಹೊಸದಲ್ಲ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ಆ ಕಾಲದ ನೆನಪನ್ನು ತನ್ನ ಹೆಸರಿನಲ್ಲಿಯೇ ಉಳಿಸಿಕೊಂಡಿದೆ. ಈಗ ಅಲ್ಲಿ ಸುಂಕವೂ ಇಲ್ಲ, ಕಟ್ಟೆಯೂ ಇಲ್ಲ. ಅಲ್ಲಿಂದ ಕಾಮಾಕ್ಷಿಪಾಳ್ಯದವರೆಗೆ ಒಂದು ಕಡೆ, ಹೆಗ್ಗನಹಳ್ಳಿಯ ಮೂಲಕ ಪೀಣ್ಯದವರೆಗೆ ಇನ್ನೊಂದು ಕಡೆ, ಅಡ್ಡರಸ್ತೆಗಳಲ್ಲಿ ಸಣ್ಣ ಶೆಡ್ಡುಗಳು ಹರಡಿಕೊಂಡಿವೆ. ತಗಡು ಒತ್ತುವ ಪ್ರೆಸ್ಸುಗಳು, ಲೇತುಗಳು, ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರಗಳು, ಪೌಡರ್ ಕೋಟಿಂಗ್ ಘಟಕಗಳು ಮತ್ತು ಸಿದ್ಧ ಉಡುಪಿನ ಕಾರ್ಖಾನೆಗಳು ಇಲ್ಲಿಯ ಜೀವನಾಧಾರವಾಗಿವೆ. ಇವುಗಳಲ್ಲಿ ಹೆಚ್ಚಿನವು ಬೇರೊಬ್ಬರ ನಕ್ಷೆಗೆ ತಕ್ಕಂತೆ ಬಿಡಿಭಾಗ ಮಾಡಿಕೊಡುವ ಜಾಬ್‌ವರ್ಕ್ ಘಟಕಗಳು. ತಮ್ಮದೇ ಹೆಸರಿನ ಒಂದು ಪದಾರ್ಥವನ್ನು ಮಾರುಕಟ್ಟೆಗೆ ತರಬೇಕೆಂಬ ಆಸೆ ಇಂತಹ ಉದ್ದಿಮೆದಾರರಲ್ಲಿ ಸಹಜ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೆಪ್ಪುಗಟ್ಟಿಸಿದ ಟರ್ಕಿ ಕೋಳಿ ಮಾಂಸದ ಮೇಲಿನ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು. ಈ ಸುದ್ದಿ ಸುಂಕದಕಟ್ಟೆಯ ಶೆಡ್ಡುಗಳಿಗೆ ಸಂಬಂಧಿಸಿದ್ದಲ್ಲವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಹೊಸ ಆಹಾರ ಪದಾರ್ಥವೊಂದು ಒಂದು ದೇಶಕ್ಕೆ ಬಂದಾಗ ಅದನ್ನು ಬೇಯಿಸುವ ಪಾತ್ರೆಯೂ ಅದರ ಬೆನ್ನಿಗೇ ಬರುವುದುಂಟು. ಅಮೆರಿಕದ ಸಣ್ಣ ಕುಟುಂಬಗಳು ಟರ್ಕಿಯ ಎದೆ ಭಾಗವನ್ನು ಬೇಯಿಸಲು ಬಳಸುವ ಸಲಕರಣೆಗಳಲ್ಲಿ ಸ್ಲೋ ಕುಕ್ಕರ್, ಅಂದರೆ ಕಡಿಮೆ ಶಾಖದಲ್ಲಿ ಹಲವು ಗಂಟೆಗಳ ಕಾಲ ಬೇಯಿಸುವ ವಿದ್ಯುತ್ ಪಾತ್ರೆ, ಒಂದು. ಅದರ ರಚನೆ ಸರಳ. ಅದರ ಹೆಚ್ಚಿನ ಭಾಗಗಳನ್ನು ಪಶ್ಚಿಮ ಬೆಂಗಳೂರಿನ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ತಯಾರಿಸಬಹುದು. ಹಾಗೆಂದು ಕೂಡಲೇ ಡೈ ಮಾಡಿಸಲು ಹೊರಡುವುದು ವಿವೇಕವೆನಿಸದು. ಪಾತ್ರೆ ಯಾರಿಗಾಗಿ, ಯಾವ ಅಡುಗೆಗಾಗಿ, ಯಾವ ವಿದ್ಯುತ್ತಿನ ಮೇಲೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಅನಂತರವೇ ಬಂಡವಾಳದ ಮಾತು.

ಎದೆ ಮಾಂಸ ಅಲ್ಲಿಗೆ, ಕಾಲು ಮಾಂಸ ಇಲ್ಲಿಗೆ

ಸುಂಕ ಇಳಿಕೆಯ ಹಿನ್ನೆಲೆಯಲ್ಲಿ ದೀರ್ಘವಾದ ವ್ಯಾಜ್ಯವೊಂದಿದೆ. ಹಕ್ಕಿಜ್ವರದ ಕಾರಣ ನೀಡಿ ಭಾರತವು ಅಮೆರಿಕದ ಕೋಳಿ ಉತ್ಪನ್ನಗಳ ಮೇಲೆ ವಿಧಿಸಿದ್ದ ನಿರ್ಬಂಧವನ್ನು ಪ್ರಶ್ನಿಸಿ ಆ ದೇಶವು 2012ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಮೊರೆಹೊಕ್ಕಿತು. 2014ರಲ್ಲಿ ವಿಚಾರಣಾ ಮಂಡಲಿಯೂ 2015ರಲ್ಲಿ ಮೇಲ್ಮನವಿ ಮಂಡಲಿಯೂ ಭಾರತದ ವಿರುದ್ಧ ತೀರ್ಪು ನೀಡಿದವು. 2023ರ ಸೆಪ್ಟೆಂಬರಿನಲ್ಲಿ ಎರಡೂ ದೇಶಗಳು ವ್ಯಾಜ್ಯವನ್ನು ಮಾತುಕತೆಯಿಂದ ಬಗೆಹರಿಸಿಕೊಂಡವು. ಟರ್ಕಿ, ಬಾತುಕೋಳಿ, ಬ್ಲೂಬೆರಿ ಮತ್ತು ಕ್ರ್ಯಾನ್‌ಬೆರಿಗಳ ಸುಂಕ ಇಳಿಕೆ ಆ ಒಪ್ಪಂದದ ಫಲ.

ಈ ವ್ಯಾಜ್ಯದ ಒಡಲಲ್ಲಿ ಒಂದು ರುಚಿಭೇದವಿದೆ. ಅಮೆರಿಕದ ಗ್ರಾಹಕರು ಎದೆ ಭಾಗದ ಬಿಳಿಮಾಂಸವನ್ನು ಮೆಚ್ಚುತ್ತಾರೆ. ಅದರಿಂದ ಅಲ್ಲಿ ಕಾಲಿನ ಭಾಗ ಮಿಕ್ಕುತ್ತದೆ, ಬೆಲೆಯೂ ಇಳಿಯುತ್ತದೆ. ಭಾರತದಲ್ಲಿ ಸಾರಿಗೆ ರುಚಿ ಕೊಡುವ ಕಾಲಿನ ತುಂಡಿಗೇ ಮನ್ನಣೆ. ಆದಕಾರಣ ಮಿಕ್ಕ ಕಾಲುಗಳು ಅಗ್ಗದ ಬೆಲೆಗೆ ಇಲ್ಲಿಗೆ ಹರಿದು ಬಂದರೆ ತಮ್ಮ ಗತಿಯೇನೆಂದು ಇಲ್ಲಿಯ ಕೋಳಿ ಸಾಕಣೆದಾರರು ಬಹಳ ವರ್ಷಗಳಿಂದ ಆತಂಕ ವ್ಯಕ್ತಪಡಿಸುತ್ತ ಬಂದಿದ್ದಾರೆ. 2023ರ ಒಪ್ಪಂದದಲ್ಲಿ ಕೋಳಿ ಕಾಲಿನ ಮೇಲಿನ ಸುಂಕವನ್ನು ಮುಟ್ಟದೆ, ಇಲ್ಲಿ ಬೇಡಿಕೆ ಅತ್ಯಲ್ಪವಾಗಿದ್ದ ಟರ್ಕಿಗೆ ಬಾಗಿಲು ತೆರೆದುದರ ಮರ್ಮ ಇದೇ.

ಬೆಂಗಳೂರಿನಲ್ಲಿ ಟರ್ಕಿ ಕೋಳಿ ಕ್ರಿಸ್‌ಮಸ್ ಕಾಲದ ಸರಕು. ಡಿಸೆಂಬರ್ ಬಂದಾಗ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡು ಹಬ್ಬ ಮುಗಿದೊಡನೆ ಮರೆಯಾಗುತ್ತದೆ. ಒಂದು ಹಬ್ಬದ ಮಾಂಸವನ್ನು ನೆಚ್ಚಿಕೊಂಡು ಯಾವ ತಯಾರಕನೂ ಬದುಕಲಾರ. ಟರ್ಕಿ ಇಲ್ಲಿ ಸಂದರ್ಭ ಮಾತ್ರ, ವಿಚಾರಿಸಬೇಕಾದದ್ದು ಪಾತ್ರೆಯನ್ನು.

ಮೂವತ್ತು ವರ್ಷ ಕಾದ ಪಾತ್ರೆ

ಸ್ಲೋ ಕುಕ್ಕರಿನ ಇತಿಹಾಸವು ಸಣ್ಣ ತಯಾರಕರು ಮನನ ಮಾಡಬೇಕಾದ ಅಧ್ಯಾಯ. ಇರ್ವಿಂಗ್ ನ್ಯಾಕ್ಸನ್ ಎಂಬ ಷಿಕಾಗೋ ನಗರದ ಎಂಜಿನಿಯರ್ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಲಿಥುವೇನಿಯಾದ ಯಹೂದಿ ಮನೆಗಳಲ್ಲಿ ಸಬ್ಬತ್ ದಿನ ಒಲೆ ಹೊತ್ತಿಸುವಂತಿಲ್ಲ. ಹಿಂದಿನ ಸಂಜೆಯೇ ಕಾಳು ಮತ್ತು ಮಾಂಸದ ಮಡಕೆಯನ್ನು ಊರಿನ ಬ್ರೆಡ್ ಭಟ್ಟಿಯ ಆರುವ ಶಾಖದಲ್ಲಿ ಇರಿಸಿ, ಮರುದಿನ ಬೆಂದ ಅಡುಗೆಯನ್ನು ತರುವ ಪದ್ಧತಿಯಿತ್ತು. ತನ್ನ ತಾಯಿಯಿಂದ ಕೇಳಿದ ಆ ಸಂಗತಿಯೇ ನ್ಯಾಕ್ಸನ್ನನಿಗೆ ಪ್ರೇರಣೆ. ಮಡಕೆಯ ಸುತ್ತ ಸಣ್ಣ ಶಾಖದ ಸುರುಳಿಯನ್ನು ಸುತ್ತಿದರೆ ಭಟ್ಟಿಯ ಹಂಗಿಲ್ಲ ಎಂಬುದು ಅವನ ಯೋಚನೆ. ಆದರೆ ಆತ ಅದನ್ನು ಕಾಳು ಬೇಯಿಸುವ ಪಾತ್ರೆ ಎಂದೇ ಮಾರಿದ; ಅದು ಹೆಸರು ಮಾಡಲಿಲ್ಲ.

1970ರಲ್ಲಿ ಕ್ಯಾನ್ಸಸ್ ಸಿಟಿಯ ರೈವಲ್ ಎಂಬ ಕಂಪನಿ ನ್ಯಾಕ್ಸನ್ನನ ಉದ್ಯಮವನ್ನು ಕೊಂಡುಕೊಂಡಿತು. ಕಂಪನಿಯ ಅಡುಗೆ ತಜ್ಞರು ಆ ಪಾತ್ರೆಯಲ್ಲಿ ಕಾಳನ್ನಷ್ಟೇ ಅಲ್ಲದೆ ಮಾಂಸ, ಸೂಪು, ತರಕಾರಿಗಳನ್ನೂ ಬೇಯಿಸಿ ನೋಡಿದರು. ಹೊರರೂಪವನ್ನು ತಿದ್ದಿ, ಪಾಕಪುಸ್ತಕವನ್ನು ಜೊತೆಗಿರಿಸಿ, ಕ್ರಾಕ್ ಪಾಟ್ ಎಂಬ ಹೊಸ ಹೆಸರಿನಿಂದ 1971ರಲ್ಲಿ ಮಾರುಕಟ್ಟೆಗೆ ಬಿಟ್ಟರು. ಆ ವರ್ಷ 20 ಲಕ್ಷ ಡಾಲರಿನಷ್ಟಿದ್ದ ಮಾರಾಟ 1975ರಲ್ಲಿ 9 ಕೋಟಿ 30 ಲಕ್ಷ ಡಾಲರಿಗೆ ಏರಿತು. 1974ರಲ್ಲಿ ಒಳಗಿನ ಮಡಕೆಯನ್ನು ಹೊರತೆಗೆದು ತೊಳೆಯುವ ಅನುಕೂಲ ಕಲ್ಪಿಸಿದ್ದು ಈ ಏರಿಕೆಗೆ ಒತ್ತಾಸೆಯಾಯಿತು.

ಮೂವತ್ತು ವರ್ಷಗಳಲ್ಲಿ ಪಾತ್ರೆಯ ತತ್ತ್ವ ಬದಲಾಗಿರಲಿಲ್ಲ. ಮನೆಯ ದಿನಚರಿ ಬದಲಾಗಿತ್ತು. ಹೊರಗೆ ದುಡಿಯುವ ಮಹಿಳೆಯರ ಸಂಖ್ಯೆ ಹೆಚ್ಚಿತ್ತು. ಬೆಳಿಗ್ಗೆ ಗುಂಡಿ ತಿರುಗಿಸಿ ಹೋದರೆ ಸಂಜೆ ಊಟ ಸಿದ್ಧ ಎಂಬ ಮಾತು ಆ ಮನೆಗಳಿಗೆ ಒಪ್ಪಿಗೆಯಾಯಿತು. ಗೆದ್ದದ್ದು ಯಂತ್ರವಲ್ಲ, ಯಂತ್ರಕ್ಕೂ ದಿನಚರಿಗೂ ಕೂಡಿಬಂದ ಹೊಂದಿಕೆ.

ಭಾರತಕ್ಕೂ ಇಂತಹ ಪ್ರಯತ್ನಗಳ ಪರಂಪರೆಯಿದೆ. 1910ರಲ್ಲಿ ಕಲ್ಕತ್ತೆಯ ಡಾ. ಇಂದುಮಾಧವ ಮಲ್ಲಿಕ್ ರೂಪಿಸಿದ ಇಕ್ಮಿಕ್ ಕುಕ್ಕರಿನಲ್ಲಿ ಕೆಳಗೆ ಇದ್ದಿಲು, ಮೇಲೆ ಡಬ್ಬಿಗಳ ಸಾಲು. ನಿಧಾನವಾಗಿ ಏಳುವ ಹಬೆಯಲ್ಲಿ ಅನ್ನ, ಬೇಳೆ, ಪಲ್ಯ ಒಟ್ಟಿಗೆ ಬೇಯುತ್ತಿದ್ದವು. ದಕ್ಷಿಣದಲ್ಲಿ ಅದೇ ಬಗೆಯ ರುಕ್ಮಿಣಿ ಕುಕ್ಕರ್ ಮನೆಮಾತಾಗಿತ್ತು. 1950ರ ದಶಕದ ಕೊನೆಯ ಹೊತ್ತಿಗೆ ಪ್ರೆಷರ್ ಕುಕ್ಕರುಗಳ ತಯಾರಿಕೆ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಮುಂದೆ ನಿಧಾನ ಪಾಕದ ಡಬ್ಬಿಗಳು ಅಟ್ಟ ಸೇರಿದವು. ಇಂದು ಸ್ಲೋ ಕುಕ್ಕರನ್ನು ಇಲ್ಲಿ ಮಾರಬಯಸುವವನು ಎದುರಿಸಬೇಕಾದದ್ದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುವ ಆ ಪ್ರೆಷರ್ ಕುಕ್ಕರನ್ನೇ.

ಟರ್ಕಿಯ ಎದೆ ಬೇಯುವ ಕ್ರಮ

ಪಾತ್ರೆಯ ಗುಣದೋಷಗಳನ್ನು ಅರಿಯಲು ಟರ್ಕಿಯ ಎದೆ ಭಾಗಕ್ಕಿಂತ ಉತ್ತಮ ಪರೀಕ್ಷೆ ಇಲ್ಲ. ಕಾಲಿನ ಮಾಂಸದಲ್ಲಿ ಕೊಲಾಜೆನ್ ಎಂಬ ನಾರಿನಂಶ ಹೆಚ್ಚು. ಅದು ಹಲವು ಗಂಟೆಗಳ ಮಂದ ಶಾಖದಲ್ಲಿ ಕರಗಿ ಜಿಲಟಿನ್ ಆಗುತ್ತದೆ, ಮಾಂಸ ಮೆತ್ತಗಾಗುತ್ತದೆ. ಎದೆ ಭಾಗದಲ್ಲಿ ಕೊಬ್ಬೂ ಕೊಲಾಜೆನ್ನೂ ಅತ್ಯಲ್ಪ. ಅದು ಹೆಚ್ಚು ಬೆಂದಷ್ಟೂ ನೀರು ಬಿಟ್ಟು ಒಣಗುತ್ತದೆ. ನಿಧಾನ ಪಾಕವು ಇಲ್ಲಿ ಶಾಖವನ್ನು ಮೆಲ್ಲಗೆ ಏರಿಸುವ ಮೂಲಕ ನೆರವಾಗುತ್ತದೆಯೇ ಹೊರತು, ಹೆಚ್ಚು ಹೊತ್ತು ಬಿಟ್ಟಷ್ಟೂ ಒಳ್ಳೆಯದೆಂಬ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ.

ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಏಳೆಂಟು ಕಿಲೋ ತೂಗುವ ಇಡೀ ಹಕ್ಕಿ ನಾಲ್ಕು ಜನರ ಮನೆಗೆ ಹೆಚ್ಚಾಗುತ್ತದೆ. ಎದೆಯ ತುಂಡೊಂದೇ ಅಂತಹ ಮನೆಗೆ ಸಾಕು. ಮಾಂಸಾಹಾರಿ ಕನ್ನಡ ಕುಟುಂಬಗಳಿಗೂ ಇದು ಅನುಕೂಲದ ದಾರಿ. ಕ್ರಮ ಹೀಗಿದೆ:

1. ಹೆಪ್ಪುಗಟ್ಟಿದ ತುಂಡನ್ನು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಟ್ಟು ಪೂರ್ತಿ ಕರಗಿಸಬೇಕು. ಎರಡು ಕಿಲೋ ತೂಕಕ್ಕೆ ಒಂದು ದಿನ ಬೇಕಾಗುತ್ತದೆ. ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಈ ಪಾತ್ರೆಗೆ ಹಾಕುವಂತಿಲ್ಲ.

2. ಪಾತ್ರೆಯ ತಳದಲ್ಲಿ ದಪ್ಪಗೆ ಹೆಚ್ಚಿದ ಈರುಳ್ಳಿ ಹಾಸಿ, ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು, ಅರಿಸಿನ ಮತ್ತು ಉಪ್ಪು ಸವರಿದ ಮಾಂಸವನ್ನು ಅದರ ಮೇಲಿಡಬೇಕು. ಒಂದು ಲೋಟಕ್ಕಿಂತ ಹೆಚ್ಚು ನೀರು ಬೇಡ. ಮುಚ್ಚಳದೊಳಗೆ ಆವಿ ಹೊರಹೋಗದ ಕಾರಣ ಮಾಂಸ ಬಿಟ್ಟ ರಸವೇ ಸಾಕಾಗುತ್ತದೆ.

3. ಚಕ್ಕೆ, ಲವಂಗಗಳನ್ನು ಎಂದಿನ ಅಳತೆಯ ಅರ್ಧಕ್ಕೆ ಇಳಿಸಬೇಕು; ದೀರ್ಘ ಪಾಕದಲ್ಲಿ ಅವುಗಳ ಘಾಟು ಹೆಚ್ಚುತ್ತದೆ. ಮೊಸರು, ತೆಂಗಿನ ಹಾಲು, ಕೊತ್ತಂಬರಿ ಸೊಪ್ಪುಗಳಿಗೆ ಕೊನೆಯ ಅರ್ಧ ಗಂಟೆ ಸಾಕು.

4. ಮಂದ ಶಾಖದಲ್ಲಿ ಮೂಳೆಯಿಲ್ಲದ ಒಂದೂವರೆ ಕಿಲೋ ತುಂಡಿಗೆ ನಾಲ್ಕೈದು ಗಂಟೆ, ಮೂಳೆಸಹಿತವಾದ ಎರಡೂವರೆ ಕಿಲೋ ತುಂಡಿಗೆ ಐದರಿಂದ ಏಳು ಗಂಟೆ ಹಿಡಿಯಬಹುದು. ಗಡಿಯಾರ ಅಂದಾಜಿಗೆ ಮಾತ್ರ. ತುಂಡಿನ ನಡುಭಾಗಕ್ಕೆ ಥರ್ಮಾಮೀಟರ್ ಚುಚ್ಚಿ 74 ಡಿಗ್ರಿ ಸೆಲ್ಸಿಯಸ್ ತಲುಪಿದುದನ್ನು ಖಚಿತಪಡಿಸಿಕೊಂಡ ಕೂಡಲೇ ಹೊರತೆಗೆಯಬೇಕು.

5. ಕಾಲು ಗಂಟೆ ಹಾಗೆಯೇ ಬಿಟ್ಟು ಅನಂತರ ನಾರಿಗೆ ಅಡ್ಡಲಾಗಿ ಕತ್ತರಿಸಬೇಕು. ಈ ಪಾತ್ರೆಯಲ್ಲಿ ಚರ್ಮ ಕೆಂಪಗಾಗುವುದಿಲ್ಲ. ಬೇಕಿದ್ದವರು ಬಿಸಿ ಕಾವಲಿಯ ಮೇಲೆ ಒಂದೆರಡು ನಿಮಿಷ ಬಾಡಿಸಿಕೊಳ್ಳಬಹುದು.

ನಡುವೆ ಮುಚ್ಚಳ ತೆಗೆದು ನೋಡುವ ಚಪಲ ಈ ಪಾಕಕ್ಕೆ ಶತ್ರು. ಒಮ್ಮೆ ಹೋದ ಬಿಸಿಯನ್ನು ಮತ್ತೆ ತುಂಬಲು ಸಣ್ಣ ಹೀಟರಿಗೆ ಇಪ್ಪತ್ತು ನಿಮಿಷವಾದರೂ ಬೇಕು. ಮುಚ್ಚಳವನ್ನು ಗಾಜಿನಿಂದ ಮಾಡುವುದು ಅಂದಕ್ಕಲ್ಲ, ಈ ಕಾರಣಕ್ಕೆ.

ಇಲ್ಲಿಯ ಅಡುಗೆಮನೆಗೆ ಏನು ಹೊಂದುತ್ತದೆ?

ಈ ಪರೀಕ್ಷೆ ತಿಳಿಸುವುದು ಇಷ್ಟು: ಅಮೆರಿಕದವರು ಮೆಚ್ಚುವ ಎದೆ ಮಾಂಸ ಈ ಪಾತ್ರೆಗೆ ಕಷ್ಟದ ಅತಿಥಿ, ಇಲ್ಲಿಯವರು ಮೆಚ್ಚುವ ಕಾಲಿನ ಮಾಂಸವೇ ಅದಕ್ಕೆ ಸರಿಯಾದ ನೆಂಟ. ನಾಟಿ ಕೋಳಿ ಸಾರು, ಕಾಲು ಸೂಪು, ಹುರುಳಿ ಕಟ್ಟು, ರಾಗಿ ಗಂಜಿ ಮೊದಲಾದವು ಮಂದ ಶಾಖವನ್ನು ಬೇಡುವ ಅಡುಗೆಗಳು. ಹಿಂದೆ ಇವುಗಳನ್ನು ಒಲೆಯ ಕೆಂಡದ ಮೇಲೆ ಬಿಟ್ಟು ಹೊಲಕ್ಕೆ ಹೋಗುತ್ತಿದ್ದರು. ಕೆಂಡ ಹೋಗಿ ಗ್ಯಾಸ್ ಬಂದ ಮೇಲೆ ಆ ಅನುಕೂಲವೂ ಹೋಯಿತು. ಉರಿಯುವ ಗ್ಯಾಸ್ ಒಲೆಯನ್ನು ಬಿಟ್ಟು ಕೆಲಸಕ್ಕೆ ಹೋಗುವಂತಿಲ್ಲ. ಬೆಳಿಗ್ಗೆ ಮನೆ ಬಿಟ್ಟು ಸಂಜೆ ಹಿಂತಿರುಗುವ ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆ ಸುಂಕದಕಟ್ಟೆಯಲ್ಲಿಯೇ ಇದ್ದಾಳೆ. 1971ರ ಅಮೆರಿಕದ ಗ್ರಾಹಕಳನ್ನು ಹೋಲುವವಳು ಅವಳು. ಆದರೆ ಅವಳ ಕೊಳ್ಳುವ ಶಕ್ತಿ ಬೇರೆ, ಅಡುಗೆ ಬೇರೆ.

ಅನ್ನಕ್ಕೂ ಮುದ್ದೆಗೂ ಈ ಪಾತ್ರೆ ಒದಗದು. ಅವಕ್ಕೆ ಕುದಿಯುವ ನೀರಿನ ರಭಸ ಬೇಕು. ಇನ್ನೊಂದು ಎಚ್ಚರಿಕೆ ಪ್ರಾಣಾಂತಿಕವಾಗಬಹುದಾದ ಅವಘಡಕ್ಕೆ ಸಂಬಂಧಿಸಿದ್ದು. ರಾಜ್ಮಾ ಕಾಳಿನಲ್ಲಿರುವ ಸಹಜ ವಿಷಾಂಶವು ಕುದಿಯುವ ಶಾಖದಲ್ಲಿ ನಾಶವಾಗುತ್ತದೆ, ಮಂದ ಶಾಖದಲ್ಲಿ ಉಳಿಯುತ್ತದೆ. ನೆನೆಸಿದ ರಾಜ್ಮಾವನ್ನು ಮೊದಲು ಬೇರೆ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ಆ ನೀರನ್ನು ಚೆಲ್ಲಿದ ಅನಂತರವೇ ಇದಕ್ಕೆ ಹಾಕಬೇಕು. ಕಾಳು ಪ್ರಧಾನವಾದ ನಾಡಿನಲ್ಲಿ ಈ ಸೂಚನೆಯನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವುದು ತಯಾರಕನ ಹೊಣೆ.

ಉಳಿತಾಯದ ಮಾತನ್ನೂ ಪ್ರಾಮಾಣಿಕವಾಗಿ ಆಡಬೇಕು. 150 ವ್ಯಾಟ್ ಪಾತ್ರೆ ಆರು ಗಂಟೆ ಉರಿದರೆ ಖರ್ಚಾಗುವುದು 0.9 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ 6 ರೂಪಾಯಿ 30 ಪೈಸೆ. ಇದು ಹೆಚ್ಚಿನ ವೆಚ್ಚವಲ್ಲವಾದರೂ ಪ್ರೆಷರ್ ಕುಕ್ಕರಿಗಿಂತ ಅಗ್ಗವೆಂದು ಸಾರುವಂತಿಲ್ಲ. ಮಾರಬೇಕಾದದ್ದು ಇಂಧನದ ಉಳಿತಾಯವನ್ನಲ್ಲ, ಕಾವಲಿನಿಂದ ದೊರೆಯುವ ಬಿಡುವನ್ನು.

ವಿದ್ಯುತ್ತಿನ ಪ್ರಶ್ನೆ

ಈ ಪಾತ್ರೆಯ ಅತಿ ದೊಡ್ಡ ತೊಡಕು ಅಡುಗೆಮನೆಯೊಳಗಿಲ್ಲ, ತಂತಿಯಲ್ಲಿದೆ. ಹೀಟರಿನ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. 230 ವೋಲ್ಟಿನಲ್ಲಿ 200 ವ್ಯಾಟ್ ಕೊಡುವ ಸುರುಳಿ, ಶೇಕಡಾ 10ರಷ್ಟು ಇಳಿದ 207 ವೋಲ್ಟಿನಲ್ಲಿ ಕೊಡುವುದು 162 ವ್ಯಾಟ್. ಶೇಕಡಾ 10ರಷ್ಟು ಏರಿದ 253 ವೋಲ್ಟಿನಲ್ಲಿ 242 ವ್ಯಾಟ್. ಎರಡು ನಿಮಿಷದಲ್ಲಿ ನೀರು ಕಾಯಿಸುವ ಕೆಟಲಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆರು ಗಂಟೆ ದುಡಿಯುವ ಸಣ್ಣ ಹೀಟರಿಗೆ ಇದು ಬೆಂದ ಮಾಂಸಕ್ಕೂ ಅರೆಬೆಂದ ಮಾಂಸಕ್ಕೂ ಇರುವ ಅಂತರ. ವಿದೇಶದಿಂದ ಹಿಂತಿರುಗಿದವರು ತಂದ 120 ವೋಲ್ಟಿನ ಪಾತ್ರೆಯನ್ನು ಇಲ್ಲಿಯ ಪ್ಲಗ್ಗಿಗೆ ಸಿಕ್ಕಿಸಿದರಂತೂ ಶಾಖ ಮೂರೂವರೆ ಪಟ್ಟು ಮೀರಿ ಸುರುಳಿ ಸುಟ್ಟುಹೋಗುತ್ತದೆ.

ವಿದ್ಯುತ್ ಕಡಿತ ಇನ್ನೂ ಗಂಭೀರವಾದದ್ದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಮಾಂಸ ಆ ಸ್ಥಿತಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಮನೆಯಲ್ಲಿ ಯಾರೂ ಇಲ್ಲದಾಗ ಹನ್ನೊಂದಕ್ಕೆ ಹೋದ ವಿದ್ಯುತ್ ಎರಡಕ್ಕೆ ಬಂದರೆ, ಸಂಜೆ ಮುಚ್ಚಳ ತೆಗೆದವರಿಗೆ ಬಿಸಿ ಸಾರು ಕಾಣುತ್ತದೆಯೇ ಹೊರತು ನಡುವೆ ನಡೆದದ್ದು ತಿಳಿಯದು. ವಿದ್ಯುತ್ ಹೋದ ಹೊತ್ತು ತಿಳಿಯದಿದ್ದರೆ ಅಂತಹ ಅಡುಗೆಯನ್ನು ಚೆಲ್ಲಬೇಕೆಂಬುದೇ ಆಹಾರ ಸುರಕ್ಷತೆಯ ನಿಯಮ. ದಿನದ ಕೂಲಿಯಿಂದ ಕೊಂಡ ಮಾಂಸವನ್ನು ಚೆಲ್ಲಿರೆಂದು ಹೇಳುವುದು ಸುಲಭವಲ್ಲ. ಆದ್ದರಿಂದ ಪರಿಹಾರವನ್ನು ಪಾತ್ರೆಯಲ್ಲಿಯೇ ಅಡಕಗೊಳಿಸಬೇಕು.

ಸ್ಥಳೀಯ ತಯಾರಕನಿಗೆ ಅವಕಾಶವಿರುವುದು ಇಲ್ಲಿಯೇ. ಒಳಗಿನ ಬಾವಿಗೂ ಹೊರಗಿನ ತಗಡಿಗೂ ನಡುವೆ ಗ್ಲಾಸ್‌ವುಲ್ ಹೊದಿಕೆ ಕೊಟ್ಟರೆ ಬಿಸಿ ಬಹು ನಿಧಾನವಾಗಿ ಇಳಿಯುತ್ತದೆ, ವಿದ್ಯುತ್ತೂ ಕಡಿಮೆ ಸಾಕು. ಮೂರು ಕಿಲೋ ತೂಕದ ಪಿಂಗಾಣಿ ಮಡಕೆಯು ಅರ್ಧ ಲೀಟರಿಗೂ ಹೆಚ್ಚು ನೀರು ಹಿಡಿದಿಡುವಷ್ಟು ಬಿಸಿಯನ್ನು ತಾನೇ ಹಿಡಿದಿಡುತ್ತದೆ. ಹಗುರವಾದ ಸ್ಟೀಲ್ ಪಾತ್ರೆಯಲ್ಲಿ ಆ ಗುಣವಿಲ್ಲ. ವಿದ್ಯುತ್ ಕಡಿತವಾದ ಒಟ್ಟು ನಿಮಿಷಗಳನ್ನು ಸಣ್ಣ ಬ್ಯಾಟರಿಯ ಬಲದಿಂದ ಎಣಿಸಿ ತೋರಿಸುವ ಸೂಚಕವೊಂದನ್ನು ಅಳವಡಿಸಿದರೆ ಮನೆಯವರಿಗೆ ಸತ್ಯ ತಿಳಿಯುತ್ತದೆ. ಸ್ಥಿರ ವಿದ್ಯುತ್ತಿನ ದೇಶಗಳಿಗೆಂದು ರೂಪಿಸಿದ ಮಾದರಿಗಳಿಗೆ ಇದರ ಅಗತ್ಯ ಬಿದ್ದಿರಲಿಲ್ಲ. ಇಲ್ಲಿಯ ತಯಾರಕನಿಗೆ ಇದೇ ತನ್ನದೆಂದು ಹೇಳಿಕೊಳ್ಳಬಹುದಾದ ಗುಣ.

ತಯಾರಿಕೆಯ ಲೆಕ್ಕ

ಹೊರಕವಚ, ಅಲ್ಯೂಮಿನಿಯಂ ಬಾವಿ, ಮೈಕಾ ಹೊದಿಕೆಯ ಸುತ್ತುಹೀಟರ್, ಶಾಖ ಮೀರಿದರೆ ಕಡಿಯುವ ಥರ್ಮಲ್ ಫ್ಯೂಸ್, ಆಯ್ಕೆಯ ಗುಂಡಿ, ಮೂರು ಪಿನ್ನಿನ ತಂತಿ, ಮಡಕೆ, ಗಾಜಿನ ಮುಚ್ಚಳ: ಪಾತ್ರೆಯ ಮುಖ್ಯ ಅಂಗಗಳು ಇಷ್ಟೇ. ಇವುಗಳಲ್ಲಿ ಹೊರಗಿನಿಂದ ತರಿಸಲೇಬೇಕಾದವು ಮಡಕೆ ಮತ್ತು ಮುಚ್ಚಳ. ಪಿಂಗಾಣಿಗೆ ಉತ್ತರ ಪ್ರದೇಶದ ಖುರ್ಜಾ, ಗಾಜಿಗೆ ಫಿರೋಜಾಬಾದ್ ಹೆಸರಾದ ಕೇಂದ್ರಗಳು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಕುಂಬಾರಿಕೆಯ ತರಬೇತಿಗೆಂದೇ ಸಂಸ್ಥೆಯಿದೆ. ಮಡಕೆಯ ಮೆರುಗಿನಲ್ಲಿ ಸೀಸದ ಅಂಶ ಇಲ್ಲವೆಂಬ ಪರೀಕ್ಷಾ ವರದಿಯನ್ನು ಪ್ರತಿ ತಂಡಕ್ಕೂ ಕೇಳಿ ಪಡೆಯಬೇಕು. ಒಡೆದ ಮಡಕೆಗೆ ಬದಲಿ ಮಡಕೆ ಅಂಗಡಿಯಲ್ಲಿ ದೊರೆಯುವಂತೆ ಮಾಡುವವನೇ ಈ ವ್ಯಾಪಾರದಲ್ಲಿ ಉಳಿಯುತ್ತಾನೆ. ಬಿಡಿಭಾಗವಿಲ್ಲದ ಪದಾರ್ಥ ಒಂದೇ ಹಂಗಾಮಿನ ಸರಕು.

ಗೃಹಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಐಎಸ್ 302 ಮಾನಕವಿದೆ. ಕೇಂದ್ರ ಸರ್ಕಾರ ಗುಣಮಟ್ಟ ನಿಯಂತ್ರಣ ಆದೇಶಗಳ ಮೂಲಕ ಒಂದೊಂದೇ ಬಗೆಯ ಉಪಕರಣಕ್ಕೆ ಬಿಐಎಸ್ ಗುರುತನ್ನು ಕಡ್ಡಾಯಗೊಳಿಸುತ್ತ ಬಂದಿದೆ. ಅವುಗಳ ಜಾರಿಯ ದಿನಾಂಕ ಮತ್ತು ಸಣ್ಣ ಘಟಕಗಳಿಗೆ ದೊರೆಯುವ ಕಾಲಾವಕಾಶಗಳನ್ನು ಉತ್ಪಾದನೆಗೆ ಮುನ್ನವೇ ಪೀಣ್ಯದಲ್ಲಿರುವ ಬಿಐಎಸ್ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ಡೈ ಮತ್ತು ಅಚ್ಚಿನ ಕೆಲಸಕ್ಕೆ ರಾಜಾಜಿನಗರ ಕೈಗಾರಿಕಾ ಪ್ರದೇಶದ ಸರ್ಕಾರಿ ಟೂಲ್ ರೂಮ್, ಆಹಾರದ ಪ್ರಶ್ನೆಗಳಿಗೆ ಮೈಸೂರಿನ ಸಿಎಫ್‌ಟಿಆರ್‌ಐ, ಉದ್ಯಮಿಗಳ ಸಮಸ್ಯೆಗಳಿಗೆ ವಿಜಯನಗರದಲ್ಲಿರುವ ಕಾಸಿಯಾ ಕೈಗೆಟಕುವ ದೂರದಲ್ಲಿವೆ. ಟರ್ಕಿ ಮಾಂಸವನ್ನೇ ಆಮದು ಮಾಡಬಯಸುವ ವರ್ತಕರು ಸುಂಕ ಇಳಿದುದನ್ನು ಮಾತ್ರ ನೋಡಿದರೆ ಸಾಲದು. ಪಶುಸಂಗೋಪನಾ ಇಲಾಖೆಯ ಆರೋಗ್ಯ ಸಂಬಂಧಿ ಆಮದು ಅನುಮತಿ, ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಮತ್ತು ಎಲ್ಲಿಯೂ ತುಂಡಾಗದ ಶೀತಲ ಸರಪಳಿ ಇವು ಮೂರೂ ಬೇಕು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಬೇಡ. ಕೈಯಿಂದ ಮಡಿಸಿದ ತಗಡಿನಲ್ಲಿಯೇ ಹತ್ತು ಮಾದರಿಗಳನ್ನು ಮಾಡಿ, ಸುಂಕದಕಟ್ಟೆಯ ಹತ್ತು ಮನೆಗಳಲ್ಲಿ ಒಂದು ತಿಂಗಳು ಬಿಟ್ಟು, ಪ್ರತಿದಿನದ ವೋಲ್ಟೇಜು, ಕಡಿತದ ಹೊತ್ತು, ಬೇಯಿಸಿದ ಪದಾರ್ಥ ಮತ್ತು ನಡುಭಾಗದ ಬಿಸಿಯನ್ನು ಬರೆದಿಡಿಸಬೇಕು. ತಿಂಗಳ ಕೊನೆಗೆ ಆ ಹತ್ತು ಮನೆಗಳಲ್ಲಿ ಎಷ್ಟು ಮನೆಯವರು ಪಾತ್ರೆಯನ್ನು ಹಿಂತಿರುಗಿಸಲು ಒಪ್ಪದೆ ಬೆಲೆ ವಿಚಾರಿಸುತ್ತಾರೆ ಎಂಬುದೇ ಮಾರುಕಟ್ಟೆಯ ಸಮೀಕ್ಷೆ. ಆರಕ್ಕಿಂತ ಕಡಿಮೆಯಾದರೆ ಡೈ ಮಾಡಿಸುವ ಹಣ ಉಳಿಯಿತೆಂದು ತಿಳಿಯಬೇಕು. ಹೆಚ್ಚಾದರೆ, ಬೇರೊಬ್ಬರ ನಕ್ಷೆಗೆ ದುಡಿಯುತ್ತಿದ್ದ ಶೆಡ್ಡಿನ ಬಾಗಿಲ ಮೇಲೆ ಅದರದೇ ಹೆಸರು ಬರೆಸುವ ಕಾಲ ಬಂದಿದೆ.